ಹೊಗೆಯಿಲ್ಲದ ಚಿಮಣಿ

ಹೆಂಚಿನ ಕಾರ್ಖಾನೆಯ ಚಿಮಣಿಯಿಂದ ವ್ಯರ್ಥವಾಗಿ ಹೋಗುತ್ತಿದ್ದ ಬಿಸಿಯನ್ನು ಮತ್ತೆ ಭಟ್ಟಿಗೇ ತಿರುಗಿಸುವ ಯಂತ್ರ ಹಿಂದಿನ ದಿನವಷ್ಟೇ ಶುರುವಾಗಿತ್ತು. ಕಟ್ಟಿಗೆ ಉಳಿದಿತ್ತು, ಹೊಗೆಯೂ ನಿಂತಿತ್ತು. ಆದರೆ ಬೆಳಿಗ್ಗೆ ನದಿ ದಾಟಿ ಬರಬೇಕಿದ್ದ ಕೆಲಸಗಾರರು ಒಬ್ಬರೂ ಬರಲಿಲ್ಲ. ಹೆಂಚು ತುಂಬುವವರಿಲ್ಲದೆ ಭಟ್ಟಿ ಸುಮ್ಮನೆ ಉರಿಯುತ್ತಿತ್ತು.

ಮಾಲೀಕ ಶೆಣೈ ಗೇಟಿಗೂ ಭಟ್ಟಿಗೂ ಓಡಾಡಿದರು. “ನಿಮ್ಮ ಯಂತ್ರ ನೋಡಿ ಹೆದರಿದ್ದಾರೆ ಮಾರಾಯ್ರೆ. ಇದು ಮುಷ್ಕರವೇ.”

“ಅದು ಯಾರ ಕೆಲಸವನ್ನೂ ತೆಗೆಯುವುದಿಲ್ಲ ಸರ್,” ಎಂದಳು ಯಂತ್ರ ಕೂರಿಸಿದ ಎಂಜಿನಿಯರ್ ಜೆಸಿಂತಾ.

ಶೆಣೈ ಆಚೆ ದಡದಲ್ಲಿದ್ದ ಮೇಸ್ತ್ರಿಗೆ ಫೋನ್ ಮಾಡಿದರು. “ಎಂತದು ಕೊರಗಪ್ಪ, ಮುಷ್ಕರವಾ?”

“ಎಂತ ಮುಷ್ಕರ ಧನಿಗಳೇ? ಈ ದಡದಿಂದ ನೋಡಿದ್ರೆ ಚಿಮಣಿಯಲ್ಲಿ ಹೊಗೆಯೇ ಇಲ್ಲ. ಕಾರ್ಖಾನೆ ಮುಚ್ಚಿತು ಅಂತ ಎಲ್ಲ ಬೇರೆ ಕೆಲಸಕ್ಕೆ ಹೋದ್ರು.”

ಶೆಣೈ ಫೋನ್ ಇಟ್ಟು, ಭಟ್ಟಿ ಕಾಯುತ್ತಿದ್ದವನನ್ನು ಕರೆದರು.

“ಒಂದು ಹೊರೆ ಹಸಿ ತೆಂಗಿನ ಮಡಲು ತಂದು ಸುಡು. ಹೊಗೆ ಆಚೆ ದಡಕ್ಕೆ ಕಾಣಬೇಕು.”