ಈ ವಾರದ ಮೂರು ಬ್ಲಾಗು

ಭಾನುವಾರದ ಪುರವಣಿಗೆ ಅವನು ಪ್ರತಿ ವಾರ ಬ್ಲಾಗುಗಳಿಂದ ಮೂರು ಬರಹ ಆರಿಸಿ, ಅಂಕಣದ ಅಳತೆಗೆ ಕತ್ತರಿಸಿ ಕೊಡುತ್ತಿದ್ದ. ಕಳಿಸುವ ಮೊದಲು ಹೆಂಡತಿಯ ಮುಂದೆ ಒಮ್ಮೆ ಗಟ್ಟಿಯಾಗಿ ಓದುವುದು ರೂಢಿ. ಆ ಹೊತ್ತು ಬಿಟ್ಟರೆ ಆ ಮನೆಯಲ್ಲಿ ಟೀವಿಯದೇ ಮಾತು.

ಚುನಾವಣೆಯ ಬಗ್ಗೆ ಯಾರೋ ಸಿಡುಕಿದ್ದನ್ನು ಓದಿದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೂಂ ಅಂದಳು. ತಾಳಮದ್ದಲೆಯ ಮೇಲೊಂದು ಬರಹ ಓದಿದ. ಅದಕ್ಕೂ ಹೂಂ.

"ಈಗ ಇದನ್ನ ಕೇಳು. ಯಾರೋ ಹೆಂಗಸು, ಹೆಸರು ಹಾಕಿಲ್ಲ. ದಿನನಿತ್ಯದ ಬದುಕು ಅಂದ್ರೆ ಹೀಗೆ ಬರೀಬೇಕು ನೋಡು," ಎಂದು ಶುರುಮಾಡಿದ. "'ತರಕಾರಿ ಗಾಡಿಯವಳ ಹತ್ತಿರ ಬೇಕೆಂದೇ ಚೌಕಾಸಿ ಮಾಡುತ್ತೇನೆ. ಬೆಲೆ ಇಳಿಯಲಿ ಅಂತಲ್ಲ, ಅಷ್ಟು ಹೊತ್ತು ಯಾರಾದರೂ ನನ್ನ ಜೊತೆ ಮಾತಾಡಲಿ ಅಂತ.'"

ಈ ಸಲ ಅವಳು ಹೂಂ ಅನ್ನಲಿಲ್ಲ.

"ಪಾಪ, ಗಂಡ ಎಂಥವನೋ," ಅಂದ.

"ಅಷ್ಟೇನಾ?"

"ಅಷ್ಟೇ."

"ಕೊನೇ ಸಾಲು ಬಿಟ್ರಲ್ಲ."

"ಜಾಗ ಸಾಲ್ಲಿಲ್ಲ, ತೆಗೆದೆ," ಎಂದು ಲ್ಯಾಪ್‌ಟಾಪ್ ಮುಚ್ಚಲು ಹೋದವನ ಕೈ ಅಲ್ಲೇ ನಿಂತಿತು. "ಇನ್ನೊಂದು ಸಾಲಿತ್ತು ಅಂತ ನಿಂಗೆ ಹೇಗೆ ಗೊತ್ತು?"

ಅವಳು ಹುರುಳಿಕಾಯಿಯಿಂದ ತಲೆ ಎತ್ತದೆ, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು: "'ಮನೆಯವರಿಗೆ ನನ್ನ ಮಾತು ಕೇಳಲು ಪುರುಸೊತ್ತಿಲ್ಲ, ಬ್ಲಾಗಿನಲ್ಲಿ ಬರೆದರಾದರೂ ಓದುತ್ತಾರೇನೋ ಅಂತ ಬರೆಯುತ್ತಿದ್ದೇನೆ.'"