ಮುಳ್ಳು ಬಿಡಿಸಿದ ಮೀನು

ಗಾಳ ನುಂಗಿದ ಪಟ್ಟೆ ಬಾಸ್ ಮೀನು ಸ್ಯಾನ್ ವಾಕಿನ್ ನದಿಯಲ್ಲಿ ಕಡಲಿನತ್ತ ಇಳಿಯುತ್ತಿದ್ದ ನೀರಿನ ಸೆಳೆತದ ಜೊತೆ ಓಡತೊಡಗಿದಾಗ ಮುದುಕ ಫೌಸ್ತಿನೊನ ಕಿರುದೋಣಿ ಕಯಾಕ್ ಒಂದು ಮಗ್ಗುಲಿಗೆ ವಾಲಿತು. ಮುಂದೆ ಮೀನು ಜಗ್ಗುತ್ತಿತ್ತು. ಹಿಂದೆ, ಲಂಗರು ಹಾಕಿ ಕೂತ ಮಗಳು ಲಿಗಾಯಾಳ ಕಯಾಕಿಗೆ ಕಟ್ಟಿದ್ದ ಹಗ್ಗ ಬಿಡುತ್ತಿರಲಿಲ್ಲ. ಅವನು ಬಚ್ಚಲಲ್ಲಿ ಜಾರಿಬಿದ್ದಂದಿನಿಂದ ಆ ಹಗ್ಗವಿಲ್ಲದೆ ಅವಳು ಅವನನ್ನು ನೀರಿಗೆ ಇಳಿಸುತ್ತಿರಲಿಲ್ಲ.

“ಅಪ್ಪಾ, ಮಗುಚ್ಕೊಳ್ತೀಯ! ದಾರ ಕತ್ತರ್ಸು, ಮೀನು ಹೋದ್ರೆ ಹೋಗ್ಲಿ!”

“ನಿನ್ನ ಮದುವೇಲೂ ಇಷ್ಟು ದೊಡ್ಡದು ಹಿಡ್ದಿರ್ಲಿಲ್ಲ ಕಣೇ!”

“ಮನೇಲಿ ನಾನು ಮೀನು ಮಾಡಿ ಹಾಕ್ತಿಲ್ವಾ?”

ಹಾಕುತ್ತಿದ್ದಳು, ಉಪ್ಪಿಲ್ಲದೆ, ಮಗುವಿಗೆ ಬಿಡಿಸುವ ಹಾಗೆ ಮುಳ್ಳು ಬಿಡಿಸಿ. ಅಂಚು ದಾಟಿದ ನೀರು ಅವನ ತೊಡೆ ತೋಯಿಸಿತು. ಅವನು ಚಾಕು ತೆಗೆದ.

“ಹಾಂ, ಈಗ ಜಾಣ,” ಎಂದಳು ಲಿಗಾಯಾ.

ಗಾಳದ ಕೋಲನ್ನು ಮಂಡಿಗಳ ನಡುವೆ ಅವುಚಿಕೊಂಡು, ಫೌಸ್ತಿನೊ ಹಿಂದಕ್ಕೆ ತಿರುಗಿ ಹಗ್ಗ ಕೊಯ್ದ. ಕಯಾಕ್ ನೆಟ್ಟಗಾಗಿ ಮೀನಿನ ಹಿಂದೆ ಸರ್ರನೆ ಹೊರಟಿತು.