ಸೀಮೆಸುಣ್ಣದ ದೋಣಿ

ಸ್ಪೀಕರ್ ಪೆಟ್ಟಿಗೆಗೆಂದು ಗುರುತು ಹಾಕಿದ್ದ ಚೌಕದೊಳಗೆ ಅವಳು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ದೋಣಿ ಕಟ್ಟುವ ಮೇಸ್ತ್ರಿಯದು ಒಂದು ಪದ್ಧತಿ: ಚಪ್ಪಟೆ ತಳದ ಹೊಸ ಪಾಂಟೂನ್ ದೋಣಿಗೆ ತಗಡು ಕತ್ತರಿಸುವ ಮೊದಲು ಜನ ಕೂರುವ ಅದರ ಮೇಲ್ಹಾಸನ್ನು ಪೂರ್ತಿ ಅಳತೆಯಲ್ಲಿ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಗಿರಾಕಿಗಳನ್ನು ಅದರೊಳಗೆ ಓಡಾಡಿಸುತ್ತಾನೆ. ಬೆಳಗಿನಿಂದ ಅವಳ ಗಂಡನೇ ಓಡಾಡಿದ್ದ. ಎರಡೂ ಬದಿಗೆ ಜನರಿಗೆ ಬೆಂಚು, ಮುಂದೆ ತನಗೊಂದು ತಿರುಗುವ ಸೀಟು, ಹಿಂದೆ ಏಣಿ, ಬಿಸಿಲಿಗೆ ಚಾವಣಿ, ಕೊನೆಗೆ ಲೋಟ ಇಡಲು ತೂತುಗಳು ಎಂದು ಒಂದೊಂದನ್ನೇ ಬರೆಸಿದ್ದ.

"ಏಳೇ, ಅಲ್ಲಿ ಸ್ಪೀಕರ್ ಬರುತ್ತೆ."

"ನಾನೆಲ್ಲಿ ಬರ್ತೀನಿ?"

"ನಿಂಗ್ಯಾಕೆ ಜಾಗ? ಟಿಕೆಟ್ ಕೊಡ್ತಾ ಓಡಾಡ್ತಾನೇ ಇರ್ತೀಯಲ್ಲ."

ಮೇಸ್ತ್ರಿ ನಕ್ಕ. "ಲೋಟಕ್ಕೂ ಜಾಗ ಮಾಡ್ಸಿದ್ರಲ್ಲ, ಯಜಮಾನ್ರೇ."

ಅವಳು ನಗಲಿಲ್ಲ. ಮದುವೆಯಾದಾಗಿನಿಂದ ಹಳೇ ದೋಣಿಯಲ್ಲಿ ಕಂಬಿ ಹಿಡಿದು ನಿಂತೇ ಕೆರೆ ಸುತ್ತಿದ್ದಳು. ಸಂಜೆ ಚಪ್ಪಲಿ ಬಿಚ್ಚಿದರೆ ಊದಿದ ಪಾದದ ಮೇಲೆ ಪಟ್ಟಿಯ ಗುರುತು ಹಾಗೇ ಉಳಿದಿರುತ್ತಿತ್ತು. ಜಗಳಕ್ಕೆ ಅವಳಲ್ಲಿ ಶಕ್ತಿಯಿರಲಿಲ್ಲ. ಏಳುವುದಕ್ಕೂ ಇರಲಿಲ್ಲ.

"ಹಾಡಿಲ್ದೆ ಇದ್ರೆ ಯಾರು ಹತ್ತುತ್ತಾರೆ?" ಗಂಡ ಗೊಣಗಿದ.

ಅವಳು ಕೈ ಚಾಚಿ ಮೇಸ್ತ್ರಿಯಿಂದ ಸೀಮೆಸುಣ್ಣ ಇಸಿದುಕೊಂಡಳು. ಕೂತಲ್ಲಿಂದಲೇ ಬಗ್ಗಿ ಸ್ಪೀಕರಿನ ಗೆರೆಯನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಕುರ್ಚಿಯ ನಾಲ್ಕೂ ಕಾಲುಗಳ ಸುತ್ತ ಒಂದೊಂದು ಸೊನ್ನೆ ಬರೆದಳು.

"ಇಲ್ಲಿ ಬೋಲ್ಟ್ ಹಾಕಿ, ಮೇಸ್ತ್ರಿ," ಎಂದಳು. "ಯಾರು ಎಳೆದ್ರೂ ಬರಬಾರ್ದು."